ಪಕ್ಕದ ಸೀಟಿನ ಏರ್‌ಬ್ಯಾಗ್: ಯಾವಾಗ ಆಫ್, ಯಾವಾಗ ಆನ್?

ಓದುಗರ ಪ್ರಶ್ನೆ, ವಾಹನ ತಂತ್ರಜ್ಞರ ಉತ್ತರ

ಕಳೆದ ಸಂಚಿಕೆಯಲ್ಲಿ ಮಕ್ಕಳ ಕಾರ್ ಸೀಟಿನ ಬಗ್ಗೆ ಬರೆಯುವಾಗ, 'ಎಳೆಮಗುವಿನ ಸೀಟನ್ನು ಮುಂದೆ ಇಡಲೇಬೇಕಾಗಿ ಬಂದರೆ ಮೊದಲು ಏರ್‌ಬ್ಯಾಗ್ ಆಫ್ ಮಾಡಿ' ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೆವು. ಅಷ್ಟು ಸಾಲದು ಎಂಬುದು ಬಂದ ಪತ್ರಗಳಿಂದ ಗೊತ್ತಾಯಿತು. ಈ ಸಲದ ಅಂಕಣ ಪೂರ್ತಿ ಆ ಸ್ವಿಚ್ಚಿನ ಸುತ್ತಲೇ.

ಪ್ರಶ್ನೆ: ನನ್ನ ಮಗುವಿಗೆ ಏಳು ತಿಂಗಳು. ಹದಿನೈದು ದಿನಕ್ಕೊಮ್ಮೆ ಸಾಗರದ ತವರಿಗೆ ಒಬ್ಬಳೇ ಕಾರು ಓಡಿಸಿಕೊಂಡು ಹೋಗುತ್ತೇನೆ. ಮಗು ಹಿಂದಿನ ಸೀಟಿನಲ್ಲಿದ್ದರೆ ಮುಖ ಕಾಣುವುದಿಲ್ಲ, ಅತ್ತರೆ ನನಗೆ ಗಾಬರಿ. ಡ್ಯಾಶ್‌ಬೋರ್ಡಿನ ಎಡತುದಿಯಲ್ಲಿ ಬೀಗದ ಕಿಂಡಿಯಂಥದ್ದು ಇದೆ, ಅದು ಏರ್‌ಬ್ಯಾಗ್ ಸ್ವಿಚ್ ಎಂದು ಶೋರೂಮಿನಲ್ಲಿ ಹೇಳಿದ್ದರು. ಅದನ್ನು ಆಫ್ ಮಾಡಿ ಮಗುವನ್ನು ಪಕ್ಕದಲ್ಲೇ ಕೂರಿಸಿಕೊಳ್ಳಬಹುದೇ?
– ಶಿವಮೊಗ್ಗದ ಓದುಗರು

ಉತ್ತರ: ಕೂರಿಸಿಕೊಳ್ಳಬಹುದು. ಆದರೆ ಅದು ಎರಡನೇ ಆಯ್ಕೆ. ಮೊದಲ ಆಯ್ಕೆ ಯಾವಾಗಲೂ ಹಿಂದಿನ ಸೀಟೇ. ಹಿಂದಿನ ಸೀಟಿನ ತಲೆಯಾನಿಕೆಗೆ ಕಟ್ಟುವ, ಒಡೆಯದ ಹಗುರ ಕನ್ನಡಿ ಸಿಗುತ್ತದೆ. ಅದನ್ನು ಕಟ್ಟಿದರೆ ನಿಮ್ಮ ಒಳಗನ್ನಡಿಯಲ್ಲಿ ಮಗುವಿನ ಮುಖ ಕಾಣುತ್ತದೆ. ಮಗು ಅತ್ತರೆ ರಸ್ತೆ ಬದಿಗೆ ನಿಲ್ಲಿಸಿ ನೋಡುವುದೇ ಸರಿ. ಅಳುವ ಮಗು ಪಕ್ಕದಲ್ಲೇ ಇದ್ದರೆ ಕಣ್ಣೂ ಕೈಯೂ ಅತ್ತಲೇ ಹೋಗುತ್ತವೆ.

ಮುಂದೆ ಕೂರಿಸಲೇಬೇಕೆಂದರೆ ಏರ್‌ಬ್ಯಾಗ್ ಆಫ್ ಆಗಿರಲೇಬೇಕು. ಇದರಲ್ಲಿ ರಾಜಿಯೇ ಇಲ್ಲ. ಏಕೆ ಎಂಬುದು ಗೊತ್ತಿದ್ದರೆ ಒಂದು ಸಲವೂ ಮರೆಯುವುದಿಲ್ಲ.

ಏಳು ತಿಂಗಳ ಮಗುವಿನ ಸೀಟು ಹಿಮ್ಮುಖವಾಗಿರುತ್ತದೆ, ಅಂದರೆ ಮಗು ಕಾರಿನ ಹಿಂಭಾಗ ನೋಡುತ್ತಾ ಮಲಗಿರುತ್ತದೆ. ಎಳೆಮಕ್ಕಳ ತಲೆ ಮೈಗೆ ಹೋಲಿಸಿದರೆ ಭಾರ, ಕತ್ತಿನ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಎದುರಿನಿಂದ ಡಿಕ್ಕಿಯಾದಾಗ ಹಿಮ್ಮುಖ ಸೀಟಿನ ಚಿಪ್ಪು ತಲೆ, ಕತ್ತು, ಬೆನ್ನು ಮೂರನ್ನೂ ಒಟ್ಟಿಗೆ ಹಿಡಿದು ಕಾಪಾಡುತ್ತದೆ. ಆದ್ದರಿಂದಲೇ ಆ ಸೀಟು ಹಾಗಿದೆ. ಆದರೆ ಅದನ್ನು ಮುಂದೆ ಇಟ್ಟಾಗ ಆ ಚಿಪ್ಪಿನ ಬೆನ್ನು, ಅದರೊಳಗಿನ ಮಗುವಿನ ತಲೆ, ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಮುಚ್ಚಳದಿಂದ ಹೆಚ್ಚುಕಡಿಮೆ ಒಂದು ಗೇಣು ದೂರದಲ್ಲಿ ಬಂದು ಕೂರುತ್ತದೆ.

ಆ ಮುಚ್ಚಳದ ಹಿಂದೆ ಮಡಿಸಿಟ್ಟಿರುವುದು ನೂರು ಲೀಟರಿನ ಆಸುಪಾಸಿನ ಚೀಲ. ಡಿಕ್ಕಿಯನ್ನು ಸೆನ್ಸರ್ ಗುರುತಿಸಿದ ಮೇಲೆ ಚೀಲ ಪೂರ್ತಿ ಉಬ್ಬಲು ಬೇಕಾಗುವುದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಸಮಯ. ಕಣ್ಣು ಮಿಟುಕಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮುಚ್ಚಳ ಹರಿದು ಚೀಲ ಹೊರಬರುವ ವೇಗ ಗಂಟೆಗೆ 200–300 ಕಿ.ಮೀ. ಬೆಲ್ಟ್ ಕಟ್ಟಿ ಹಿಂದೆ ಒರಗಿ ಕೂತ ದೊಡ್ಡವರನ್ನು ಚೀಲ ಪೂರ್ತಿ ಉಬ್ಬಿದ ಮೇಲೆ ಮುಟ್ಟುತ್ತದೆ, ಆಗ ಅದು ದಿಂಬು. ಹಿಮ್ಮುಖ ಸೀಟನ್ನು ಅದು ಮುಟ್ಟುವುದು ಉಬ್ಬಲು ಶುರುವಾದ ಕ್ಷಣದಲ್ಲೇ, ಆಗ ಅದು ಸುತ್ತಿಗೆ. ಚಿಪ್ಪಿನ ಬೆನ್ನಿಗೆ ಬಿದ್ದ ಆ ಪೆಟ್ಟು ನೇರವಾಗಿ ತಲೆಗೆ.

ಇನ್ನೊಂದು ಮಾತು. ಮುಂದಿನ ಏರ್‌ಬ್ಯಾಗ್ ತೆರೆಯಲು ಭಾರೀ ಅಪಘಾತವೇ ಆಗಬೇಕಿಲ್ಲ. ಗಂಟೆಗೆ 15ರಿಂದ 25 ಕಿ.ಮೀ. ವೇಗದಲ್ಲಿ ಗಟ್ಟಿ ಗೋಡೆಗೆ ಗುದ್ದಿದಷ್ಟು ಪೆಟ್ಟಿದ್ದರೂ ಸಾಕು. ಅಂದರೆ ದೊಡ್ಡವರೆಲ್ಲ ಬಾಗಿಲು ತೆಗೆದು ಇಳಿದು ಬರುವಂಥ ಸಣ್ಣ ಡಿಕ್ಕಿಯಲ್ಲಿ, ಏನೂ ಆಗಬೇಕಿಲ್ಲದ ಮಗುವಿನ ಪ್ರಾಣ ಹೋಗಬಹುದು. ಅಮೆರಿಕದಲ್ಲಿ 1990ರಿಂದ 2008ರವರೆಗೆ ಇಂಥ ಕಡಿಮೆ ವೇಗದ ಡಿಕ್ಕಿಗಳಲ್ಲಿ ಮುಂದಿನ ಏರ್‌ಬ್ಯಾಗಿನ ಹೊಡೆತದಿಂದಲೇ 290ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಪಕ್ಕದ ಸೀಟಿನವರು, ಆ ಪಕ್ಕದ ಸೀಟಿನವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು. ಆಫ್ ಮಾಡುವ ಸ್ವಿಚ್ಚಿಗೆ ಅಲ್ಲಿ 1998ರಲ್ಲಿ ದಾರಿ ಮಾಡಿಕೊಟ್ಟಿದ್ದು ಈ ಸಾವುಗಳೇ.

ಈಗ ಸ್ವಿಚ್ಚಿನ ವಿಷಯ. ಇದು ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ತುದಿಯಲ್ಲಿ, ಎಡಬಾಗಿಲು ತೆಗೆದಾಗ ಮಾತ್ರ ಕಾಣುವಂತೆ ಇರುತ್ತದೆ. ಕೆಲವು ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಒಳಗಿರುತ್ತದೆ. ಮೊದಲು ಇಗ್ನಿಷನ್ ಪೂರ್ತಿ ಆಫ್ ಮಾಡಿ. ಬಟನ್ ಸ್ಟಾರ್ಟ್ ಕಾರಾದರೆ ರಿಮೋಟಿನ ಹೊಟ್ಟೆಯೊಳಗೆ ಅಡಗಿರುವ ಲೋಹದ ಕೀಲಿಯನ್ನು ಎಳೆದು ತೆಗೆಯಿರಿ. ಕಿಂಡಿಯೊಳಗೆ ತಡೆ ಸಿಗುವವರೆಗೆ ತೂರಿಸಿ. ಕೀಲಿಯ ಮುಕ್ಕಾಲು ಭಾಗವಷ್ಟೇ ಒಳಗೆ ಹೋಗಬಹುದು, ಅದು ಸರಿಯೇ. ಒತ್ತಡ ಹಾಕದೆ ಆಫ್ ಕಡೆಗೆ ಪೂರ್ತಿ ತಿರುಗಿಸಿ, ಕೀಲಿ ಹೊರತೆಗೆಯಿರಿ. ಕೀಲಿ ಬಿಗಿಯಾಗಿ ಸಿಕ್ಕಿಕೊಂಡರೆ ಅದು ಪೂರ್ತಿ ತಿರುಗಿಲ್ಲ ಎಂದರ್ಥ.

ಇಲ್ಲಿಗೆ ಮುಗಿಯಲಿಲ್ಲ. ಇಗ್ನಿಷನ್ ಆನ್ ಮಾಡಿ ದೀಪ ನೋಡಬೇಕು. 'ಪ್ಯಾಸೆಂಜರ್ ಏರ್‌ಬ್ಯಾಗ್ ಆಫ್' ಎಂಬ ಹಳದಿ ದೀಪ ಡ್ಯಾಶ್‌ಬೋರ್ಡಿನ ನಡುವೆಯೋ, ಒಳಗನ್ನಡಿಯ ಮೇಲಿನ ಛಾವಣಿಯಲ್ಲೋ ಇರುತ್ತದೆ. ಅದು ಹೊತ್ತಿಕೊಂಡು, ಪ್ರಯಾಣದುದ್ದಕ್ಕೂ ಹಾಗೇ ಉರಿಯುತ್ತಿರಬೇಕು. ಮಿನುಗಿದರೆ, ಆರಿಹೋದರೆ ಅಥವಾ ಅದರ ಜತೆಗೆ ಮೀಟರಿನಲ್ಲಿ ಏರ್‌ಬ್ಯಾಗಿನ ದೋಷದ ದೀಪವೂ ಉರಿದರೆ ಮಗುವನ್ನು ಅಲ್ಲಿ ಕೂರಿಸಬೇಡಿ. ಸ್ವಿಚ್ಚನ್ನು ಕೈ ತಿರುಗಿಸಿತು ಎಂಬುದು ಸಾಕ್ಷಿಯಲ್ಲ, ಉರಿಯುವ ದೀಪವೇ ಸಾಕ್ಷಿ. ನಾವು ಕಂಡಂತೆ ಎಲ್ಲರೂ ಬಿಡುವ ಹಂತ ಇದೇ. ಇಗ್ನಿಷನ್ ಆನ್ ಇರುವಾಗಲೇ ಸ್ವಿಚ್ ತಿರುಗಿಸಿದರೆ ಕೆಲವು ಕಾರುಗಳ ಕಂಟ್ರೋಲ್ ಯೂನಿಟ್ ಅದನ್ನು ದೋಷವೆಂದು ದಾಖಲಿಸಿಕೊಳ್ಳುತ್ತದೆ, ಆಮೇಲೆ ವರ್ಕ್‌ಶಾಪಿಗೇ ಹೋಗಬೇಕಾಗುತ್ತದೆ.

ಸೀಟು ಕಟ್ಟುವಾಗ ಕಾರಿನ ಸೀಟನ್ನು ಹಳಿಯ ಮೇಲೆ ಆದಷ್ಟು ಹಿಂದಕ್ಕೆ ತಳ್ಳಿ. ಬೆಲ್ಟಿನಲ್ಲಿ ಕಟ್ಟುವ ಸೀಟಾದರೆ ನೀಲಿ ಗುರುತಿನ ದಾರಿಯಲ್ಲಿ ಬೆಲ್ಟ್ ಹಾಯಿಸಿ. ಯುರೋಪಿನ ಮಾನದಂಡದ ಸೀಟುಗಳಲ್ಲಿ ನೀಲಿ ಹಿಮ್ಮುಖಕ್ಕೆ, ಕೆಂಪು ಮುಮ್ಮುಖಕ್ಕೆ. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಸೀಟು 2.5 ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ಹಿಮ್ಮುಖ ಸೀಟಿನ ಭುಜದ ಪಟ್ಟಿ ಮಗುವಿನ ಭುಜದ ಮಟ್ಟದಿಂದ ಅಥವಾ ಕೊಂಚ ಕೆಳಗಿನಿಂದ ಹೊರಡಬೇಕು. ಪಟ್ಟಿಯನ್ನು ಭುಜದ ಬಳಿ ಎರಡು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ಮಲೆನಾಡಿನ ಚಳಿಗೆಂದು ಶಾಲು ಸುತ್ತಿ ಅದರ ಮೇಲೆ ಪಟ್ಟಿ ಬಿಗಿಯಬೇಡಿ, ಪೆಟ್ಟು ಬಿದ್ದಾಗ ಶಾಲು ಚಪ್ಪಟೆಯಾಗಿ ಪಟ್ಟಿ ಸಡಿಲವಾಗುತ್ತದೆ. ಮೊದಲು ಪಟ್ಟಿ ಬಿಗಿದು, ಆಮೇಲೆ ಮೇಲಿನಿಂದ ಹೊದಿಸಿ.

ಸಾಗರ ತಲುಪಿ ಮಗುವಿನ ಸೀಟು ತೆಗೆದು ನಿಮ್ಮ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೇಟೆಗೆ ಹೊರಟರೆ, ಅದಕ್ಕೆ ಮುಂಚೆ ಸ್ವಿಚ್ ಮತ್ತೆ ಆನ್. ಅದು ತಾನಾಗಿ ಆನ್ ಆಗುವುದಿಲ್ಲ, ವರ್ಷವಾದರೂ ಆಫ್ ಆಗಿಯೇ ಇರುತ್ತದೆ. 'ಸೀಟು ಒಳಗೆ, ಆಫ್. ಸೀಟು ಹೊರಗೆ, ಆನ್' ಎಂದು ಬಾಯಿಪಾಠ ಮಾಡಿಕೊಳ್ಳಿ. ಕಾರನ್ನು ಮನೆಯಲ್ಲಿ ಇನ್ನೊಬ್ಬರೂ ಓಡಿಸುವುದಿದ್ದರೆ ಅವರಿಗೂ ಹೇಳಿಕೊಡಿ.

ಪ್ರಶ್ನೆ: ನಮ್ಮ ಕಾರಿನಲ್ಲಿ ಅಂಥ ಸ್ವಿಚ್ಚೇ ಇಲ್ಲ. ಫ್ಯೂಸ್ ಕಿತ್ತರೆ ಏರ್‌ಬ್ಯಾಗ್ ಬಂದ್ ಆಗುತ್ತದೆ, ಎರಡು ನಿಮಿಷದ ಕೆಲಸ ಎಂದು ಪರಿಚಯದ ಮೆಕ್ಯಾನಿಕ್ ಹೇಳುತ್ತಾರೆ.
– ಹಾವೇರಿಯ ಓದುಗರು

ಉತ್ತರ: ದಯವಿಟ್ಟು ಮಾಡಿಸಬೇಡಿ. ಆ ಫ್ಯೂಸ್ ಪಕ್ಕದ ಸೀಟಿನ ಚೀಲಕ್ಕೆ ಮಾತ್ರ ಸೇರಿದ್ದಲ್ಲ. ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ಟಿಗೆ ವಿದ್ಯುತ್ ಹೋಗುವುದೇ ಅಲ್ಲಿಂದ. ಕಿತ್ತರೆ ಚಾಲಕನ ಏರ್‌ಬ್ಯಾಗ್, ಬಾಗಿಲ ಬದಿಯ ಮತ್ತು ಕಿಟಕಿಗೆ ಪರದೆಯಂತೆ ಇಳಿಯುವ ಏರ್‌ಬ್ಯಾಗುಗಳು, ಡಿಕ್ಕಿಯಾದ ಕ್ಷಣದಲ್ಲಿ ಸೀಟ್‌ಬೆಲ್ಟನ್ನು ಎಳೆದು ಬಿಗಿಮಾಡುವ ಪ್ರಿಟೆನ್ಷನರ್, ಎಲ್ಲವೂ ಸತ್ತಂತೆ. ಒಂದು ಮಗುವಿಗಾಗಿ ಕಾರಿನಲ್ಲಿದ್ದವರೆಲ್ಲರ ರಕ್ಷಣೆ ಹೋಯಿತು.

ಡ್ಯಾಶ್‌ಬೋರ್ಡ್ ಬಿಚ್ಚಿ ಚೀಲದ ಹಳದಿ ಕನೆಕ್ಟರನ್ನೇ ಕೀಳುವವರೂ ಇದ್ದಾರೆ. ಆಗ ದೋಷದ ದೀಪ ಉರಿಯುತ್ತದೆಂದು ಆ ಜಾಗಕ್ಕೆ ಎರಡು ಮೂರು ಓಮ್‌ನ ರೆಸಿಸ್ಟರ್ ಸಿಕ್ಕಿಸಿ ಕಂಟ್ರೋಲ್ ಯೂನಿಟ್ಟಿಗೆ ಮೋಸ ಮಾಡುತ್ತಾರೆ. ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ದೀಪ ಆರಿರುತ್ತದೆ, ಮೀಟರ್ ಎಲ್ಲ ಸರಿಯಿದೆ ಎನ್ನುತ್ತದೆ, ಚೀಲ ಮಾತ್ರ ಎಂದಿಗೂ ತೆರೆಯುವುದಿಲ್ಲ. ನಾಳೆ ಆ ಕಾರು ಕೊಂಡವರಿಗೆ ಅದು ತಿಳಿಯುವ ದಾರಿಯೂ ಇಲ್ಲ. ಜತೆಗೆ ಕೈ ಹಾಕಿದವರಿಗೂ ಅಪಾಯ. ಚೀಲದ ಪಟಾಕಿಯಂಥ ಕಿಡಿಗುಂಡಿಗೆ ಮಲ್ಟಿಮೀಟರಿನ ಸಣ್ಣ ಕರೆಂಟ್ ತಗುಲಿದರೂ ಅದು ಸಿಡಿಯಬಹುದು. ಬ್ಯಾಟರಿ ತೆಗೆದ ಮೇಲೂ ಕಂಟ್ರೋಲ್ ಯೂನಿಟ್ಟಿನ ಕೆಪಾಸಿಟರಿನಲ್ಲಿ ಚೀಲ ತೆರೆಯುವಷ್ಟು ವಿದ್ಯುತ್ ಕೆಲವು ನಿಮಿಷ ಉಳಿದಿರುತ್ತದೆ.

ಕೆಲವು ಮಾದರಿಗಳಲ್ಲಿ ಸ್ವಿಚ್ ಇಲ್ಲದಿದ್ದರೂ ಪರದೆಯ ಮೆನುವಿನಲ್ಲಿ ಆಯ್ಕೆ ಇರುತ್ತದೆ. ಇನ್ನು ಕೆಲವಕ್ಕೆ ಕಂಪನಿಯ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಜೋಡಿಸಿ ಪಕ್ಕದ ಚೀಲವೊಂದನ್ನೇ ನಿಷ್ಕ್ರಿಯಗೊಳಿಸಲು ಬರುತ್ತದೆ. ಕೈಪಿಡಿ ನೋಡಿ, ಅವರನ್ನೇ ಕೇಳಿ. ಇವೆರಡೂ ಇಲ್ಲವಾದರೆ ಉತ್ತರ ಸರಳ: ಹಿಮ್ಮುಖ ಸೀಟಿಗೆ ನಿಮ್ಮ ಕಾರಿನ ಮುಂದಿನ ಸೀಟಿನಲ್ಲಿ ಜಾಗವಿಲ್ಲ. ಹಿಂದಿನ ಸೀಟೇ ಇಲ್ಲದ ಪಿಕಪ್ ವಾಹನಕ್ಕೂ ಇದೇ ಮಾತು. ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದು ಸ್ವಿಚ್ ಇಲ್ಲದಿದ್ದರೆ ಎಳೆಮಗುವನ್ನು ಅದರಲ್ಲಿ ಒಯ್ಯಬಾರದು.

ನಮ್ಮ ದೇಶದಲ್ಲಿ ಹೊಸ ಮಾದರಿಯ ಕಾರುಗಳಿಗೆ ಪಕ್ಕದ ಸೀಟಿನ ಏರ್‌ಬ್ಯಾಗ್ ಕಡ್ಡಾಯವಾದದ್ದು 2021ರ ಏಪ್ರಿಲ್ 1ರಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2021ರ ಡಿಸೆಂಬರ್ 31ರ ಗಡುವಿತ್ತು. ಅದಕ್ಕಿಂತ ಹಳೆಯ ಕಾರಾದರೆ ಪಕ್ಕದಲ್ಲಿ ಏರ್‌ಬ್ಯಾಗ್ ಇದೆಯೇ ಎಂಬುದನ್ನೇ ಮೊದಲು ನೋಡಿಕೊಳ್ಳಿ. ಇದ್ದರೆ ಗ್ಲೋವ್ ಬಾಕ್ಸಿನ ಮೇಲ್ಭಾಗದಲ್ಲಿ 'ಎಸ್‌ಆರ್‌ಎಸ್' ಅಥವಾ 'ಏರ್‌ಬ್ಯಾಗ್' ಎಂದು ಅಚ್ಚಾಗಿರುತ್ತದೆ, ಬಿಸಿಲು ತಡೆಯುವ ಪಟ್ಟಿಯ ಮೇಲೆ ಹಿಮ್ಮುಖ ಸೀಟಿಗೆ ಅಡ್ಡಗೆರೆ ಎಳೆದ ಎಚ್ಚರಿಕೆಯ ಚಿತ್ರ ಇರುತ್ತದೆ.

ಪ್ರಶ್ನೆ: ಮಗು ಸೀಟಿನಲ್ಲಿ ಕೂರುವುದಿಲ್ಲ, ಹೆಂಡತಿ ಮುಂದೆ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾಳೆ. ಏರ್‌ಬ್ಯಾಗ್ ಆಫ್ ಮಾಡಿದರೆ ಇದು ಸುರಕ್ಷಿತ ತಾನೆ?
– ದಾವಣಗೆರೆಯ ಓದುಗರು

ಉತ್ತರ: ಅಲ್ಲ. ನಿಮ್ಮ ಪತ್ರವನ್ನು ನಾವು ಮತ್ತೆ ಮತ್ತೆ ಓದಿದೆವು, ಏಕೆಂದರೆ ನಮ್ಮ ರಸ್ತೆಗಳಲ್ಲಿ ದಿನವೂ ಕಾಣುವ ದೃಶ್ಯ ಇದೇ.

ಲೆಕ್ಕ ನೋಡಿ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಕಾರಿನ ಮೂತಿ ಜಜ್ಜಿ ಅರುವತ್ತು ಸೆಂ.ಮೀ. ಒಳಗೆ ನಿಂತಿತು ಎನ್ನಿ. ಅಷ್ಟರಲ್ಲಿ 10 ಕಿಲೋ ಮಗುವನ್ನು ಹಿಡಿದು ನಿಲ್ಲಿಸಲು 160 ಕಿಲೋ ಭಾರ ಎತ್ತುವಷ್ಟು ಬಲ ಬೇಕು. ಎರಡು ಮೂರು ಅಕ್ಕಿ ಮೂಟೆಯ ಭಾರ, ಅದೂ ಯಾವ ಮುನ್ಸೂಚನೆಯೂ ಇಲ್ಲದೆ, ಕಣ್ಣು ಮಿಟುಕಿಸುವುದರೊಳಗೆ. ಯಾವ ತಾಯಿಯ ಕೈಯೂ ಅದನ್ನು ತಡೆಯಲಾರದು. ಪ್ರೀತಿ ಸಾಲದು ಎಂದಲ್ಲ, ತೋಳಿನ ಶಕ್ತಿ ಸಾಲದು.

ಏರ್‌ಬ್ಯಾಗ್ ಆನ್ ಇದ್ದರೆ ಚೀಲಕ್ಕೂ ತಾಯಿಗೂ ನಡುವೆ ಮಗು ಸಿಕ್ಕಿಕೊಳ್ಳುತ್ತದೆ. ಆಫ್ ಇದ್ದರೆ ಮಗು ಡ್ಯಾಶ್‌ಬೋರ್ಡಿಗೆ ಅಪ್ಪಳಿಸುತ್ತದೆ, ತಾಯಿಗೂ ಚೀಲದ ರಕ್ಷಣೆ ಇಲ್ಲ. ಇಬ್ಬರನ್ನೂ ಒಂದೇ ಬೆಲ್ಟಿನಲ್ಲಿ ಸುತ್ತಿದರೆ ಇನ್ನೂ ಕೆಡುಕು, ತಾಯಿಯ ಭಾರವೆಲ್ಲ ಮಗುವನ್ನು ಬೆಲ್ಟಿಗೆ ಅದುಮುತ್ತದೆ. ಆ ಸ್ವಿಚ್ ಇರುವುದು ಮಗುವಿನ ಸೀಟಿಗಾಗಿ. ಸೀಟಿಲ್ಲದ ಮಗುವಿಗೆ ಅದು ಏನನ್ನೂ ಮಾಡಿಕೊಡುವುದಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದೆ ಓಡಿಸಿದರೆ 1,000 ರೂಪಾಯಿ ದಂಡ.

ಸೀಟಿಗೆ ಒಗ್ಗಿಸಲು ಎರಡು ವಾರ ಕೊಡಿ. ಸೀಟನ್ನು ಮೊದಲು ಮನೆಯೊಳಗೆ ಇಟ್ಟು ಆಟವಾಡಲು ಬಿಡಿ. ಆಮೇಲೆ ಹೊಟ್ಟೆ ತುಂಬಿ ನಿದ್ದೆಯ ಹೊತ್ತಿಗೆ ಹತ್ತು ನಿಮಿಷದ ಸುತ್ತು ಹಾಕಿ. ಹೆಂಡತಿ ಹಿಂದೆ, ಸೀಟಿನ ಪಕ್ಕದಲ್ಲೇ ಕೂತರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ, ಮುಂದೆ ನೋಡುವ ಸೀಟಿನಲ್ಲಿ ಕೂರುತ್ತಾನೆ. ಹಿಂದೆ ಅಜ್ಜ, ಅಜ್ಜಿ, ಅತ್ತೆ ತುಂಬಿಕೊಂಡಾಗ ಅವನು ಮುಂದೆ. ಆಗಲೂ ಆಫ್ ಮಾಡಬೇಕೆ?
– ತುಮಕೂರಿನ ಓದುಗರು

ಉತ್ತರ: ಇಲ್ಲಿ ಎಲ್ಲ ಕಾರಿಗೂ ಒಂದೇ ಉತ್ತರವಿಲ್ಲ, ಕಾರಿನ ಕೈಪಿಡಿ ಹೇಳಿದ್ದೇ ಕೊನೆಯ ಮಾತು. ಕೆಲವು ತಯಾರಕರು ಮುಮ್ಮುಖ ಸೀಟಿಗೆ ಏರ್‌ಬ್ಯಾಗ್ ಆನ್ ಇರಲಿ, ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಎನ್ನುತ್ತಾರೆ. ಇನ್ನು ಕೆಲವರು ಮಗುವಿನ ಯಾವ ಸೀಟಿದ್ದರೂ ಆಫ್ ಮಾಡಿ ಎನ್ನುತ್ತಾರೆ. ಕೈಪಿಡಿಯ ಮಕ್ಕಳ ಸೀಟಿನ ಅಧ್ಯಾಯದಲ್ಲಿ ಯಾವ ಆಸನಕ್ಕೆ ಯಾವ ಬಗೆಯ ಸೀಟು ಸಲ್ಲುತ್ತದೆ ಎಂಬ ಪಟ್ಟಿ ಇರುತ್ತದೆ. ಮುಂದಿನ ಆಸನಕ್ಕೆ ನಿಮ್ಮ ಬಗೆಯ ಸೀಟು ಸಲ್ಲದು ಎಂದಿದ್ದರೆ ಅಲ್ಲಿಗೇ ಮುಗಿಯಿತು.

ಕೈಪಿಡಿ ಏನೇ ಹೇಳಲಿ, ಸೀಟು ಹಳಿಯ ಕೊನೆಯವರೆಗೆ ಹಿಂದಿರಲಿ, ಸೀಟಿನದೇ ಪಟ್ಟಿ ಬಿಗಿಯಾಗಿರಲಿ. ಮುಂದಕ್ಕೆ ಬಾಗಿ ಬಿದ್ದ ಆಟಿಕೆ ಹೆಕ್ಕುವ ಮಗುವಿಗೆ ಏರ್‌ಬ್ಯಾಗ್ ಅಪಾಯ, ಬೆನ್ನು ಒರಗಿಸಿ ಕೂತ ಮಗುವಿಗೆ ಕಡಿಮೆ ಅಪಾಯ.

ನಿಮ್ಮ ಮನೆಯ ವಿಷಯಕ್ಕೆ ಬಂದರೆ, ನಮ್ಮ ಸಲಹೆ ಬೇರೆಯೇ. ಅತ್ತೆಯವರನ್ನೋ ಅಜ್ಜನನ್ನೋ ಮುಂದೆ ಕೂರಿಸಿ, ಏರ್‌ಬ್ಯಾಗ್ ಆನ್ ಇರಲಿ. ಮಗ ಹಿಂದಿನ ಸೀಟಿಗೆ. ಹನ್ನೆರಡು ವರ್ಷದವರೆಗೆ ಮಕ್ಕಳ ಜಾಗ ಅದೇ.

ಪ್ರಶ್ನೆ: ನಾನು ಏಳು ತಿಂಗಳ ಗರ್ಭಿಣಿ. ಚೀಲ ಹೊಟ್ಟೆಗೆ ಬಡಿಯುತ್ತದೆಂದು ಮನೆಯವರು ಏರ್‌ಬ್ಯಾಗ್ ಆಫ್ ಮಾಡಿದ್ದಾರೆ.
– ಹುಬ್ಬಳ್ಳಿಯ ಓದುಗರು

ಉತ್ತರ: ಇಂದೇ ಆನ್ ಮಾಡಿಸಿ. ನಿಮ್ಮ ಹೊಟ್ಟೆಯೊಳಗಿನ ಮಗುವಿಗೆ ದೊಡ್ಡ ಅಪಾಯ ನಿಮಗೆ ಆಗುವ ಗಾಯವೇ. ಸೀಟನ್ನು ಆದಷ್ಟು ಹಿಂದಕ್ಕೆ ತಳ್ಳಿ, ಬೆನ್ನು ನೇರವಾಗಿ ಒರಗಲಿ. ಎದೆಗೂ ಡ್ಯಾಶ್‌ಬೋರ್ಡಿಗೂ 25 ಸೆಂ.ಮೀ.ಗಿಂತ ಹೆಚ್ಚು, ಎಂದರೆ ಒಂದು ಗೇಣು ಮತ್ತೆರಡು ಬೆರಳಿಗಿಂತ ಹೆಚ್ಚು ದೂರ ಇರಲೇಬೇಕು. ಪಕ್ಕದ ಸೀಟಿನಲ್ಲಿ ಇದರ ಎರಡರಷ್ಟು ಸುಲಭವಾಗಿ ಸಿಗುತ್ತದೆ. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಕೆಳಗೆ, ಸೊಂಟದ ಮೂಳೆಗೆ ತಾಗಿ ಹೋಗಲಿ. ಮೇಲ್ಪಟ್ಟಿ ಎದೆಯ ನಡುವಿನಿಂದ ಹೊಟ್ಟೆಯ ಬದಿಗೆ ಇಳಿಯಲಿ. ಕಾಲು ಊದಿಕೊಂಡಿತೆಂದು ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಬೇಡಿ. ಚೀಲ ತೆರೆದರೆ ಮೊಣಕಾಲು ಮುಖಕ್ಕೆ ಬಂದು ಬಡಿಯುತ್ತದೆ, ಸೊಂಟದ ಕೀಲೇ ಕಳಚಬಹುದು. ಕಾಲು ಚಾಚಬೇಕೆನಿಸಿದರೆ ಕಾರು ನಿಲ್ಲಿಸಿ ಸ್ವಲ್ಪ ನಡೆಯಿರಿ.

ಪ್ರಶ್ನೆ: ಅಮ್ಮನಿಗೆ 74 ವರ್ಷ, ಕುಳ್ಳು, ಮೂಳೆ ಸವೆತ ಇದೆ, ಪೇಸ್‌ಮೇಕರ್ ಹಾಕಿದೆ. ಮಂಡಿನೋವಿಗೆ ಮುಂದಿನ ಸೀಟೇ ಅನುಕೂಲ. ಇಂಥವರಿಗೆ ಆಫ್ ಮಾಡುವುದು ಒಳ್ಳೆಯದಲ್ಲವೇ?
– ಮೈಸೂರಿನ ಓದುಗರು

ಉತ್ತರ: ಆನ್ ಇರುವುದೇ ಒಳ್ಳೆಯದು. ಅಮೆರಿಕದಲ್ಲಿ 1997ರಲ್ಲಿ ವೈದ್ಯರೆಲ್ಲ ಸೇರಿ ಇದೇ ಪ್ರಶ್ನೆಯನ್ನು ಕಾಯಿಲೆ ಕಾಯಿಲೆಯಾಗಿ ಪರಿಶೀಲಿಸಿದರು. ಪೇಸ್‌ಮೇಕರ್, ಕನ್ನಡಕ, ಆಸ್ತಮಾ, ಹಿಂದೆ ಆದ ಎದೆಯ ಶಸ್ತ್ರಚಿಕಿತ್ಸೆ, ಮುಪ್ಪು, ಗರ್ಭ ಇವು ಯಾವುವೂ ಏರ್‌ಬ್ಯಾಗ್ ಆಫ್ ಮಾಡಲು ಕಾರಣವಲ್ಲ ಎಂದರು. ಮೂಳೆ ಸವೆತ, ಸಂಧಿವಾತ ಇದ್ದವರೂ ಚೀಲದಿಂದ ತಕ್ಕ ದೂರದಲ್ಲಿ ಕೂರಲು ಸಾಧ್ಯವಿದ್ದರೆ ಆನ್ ಇರಬೇಕು ಎಂಬುದೇ ಅವರ ತೀರ್ಮಾನ. ಕಾರಣವಿಷ್ಟೆ: ಚೀಲ ಕೊಡುವ ಪೆಟ್ಟಿಗಿಂತ ಚೀಲವಿಲ್ಲದೆ ಡ್ಯಾಶ್‌ಬೋರ್ಡಿಗೆ ತಲೆ, ಎದೆ ಬಡಿಯುವ ಪೆಟ್ಟು ಬಹಳ ದೊಡ್ಡದು.

ಆಫ್ ಮಾಡಬೇಕಾಗುವುದು ದೂರ ಕೂರಲು ಸಾಧ್ಯವೇ ಇಲ್ಲದವರಿಗೆ. ಉದಾಹರಣೆಗೆ, ಬೆನ್ನು ತೀರಾ ಬಾಗಿ ಎದೆಯೋ ತಲೆಯೋ ಯಾವಾಗಲೂ ಡ್ಯಾಶ್‌ಬೋರ್ಡಿನ ಬಳಿಯೇ ಇರುವವರು. ಅದನ್ನು ಅವರ ವೈದ್ಯರೇ ಹೇಳಬೇಕು, ಹಾಗಿದ್ದರೂ ಮೊದಲು ಹಿಂದಿನ ಸೀಟನ್ನೇ ಯೋಚಿಸಬೇಕು.

ಕುಳ್ಳಗಿರುವುದು ಓಡಿಸುವವರಿಗೆ ತೊಂದರೆ, ಪೆಡಲ್ ಮುಟ್ಟಲು ಸ್ಟಿಯರಿಂಗ್ ಹತ್ತಿರ ಬರಬೇಕಾಗುತ್ತದೆ. ಪಕ್ಕದಲ್ಲಿ ಕೂರುವ ಅಮ್ಮನಿಗೆ ಆ ತೊಂದರೆಯಿಲ್ಲ, ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ. ಬಾಗಿಲ ಪಕ್ಕದ ಕಂಬದಲ್ಲಿ ಬೆಲ್ಟಿನ ಎತ್ತರ ಇಳಿಸುವ ಗುಂಡಿ ಇದ್ದರೆ, ಪಟ್ಟಿ ಕತ್ತಿಗೆ ಉಜ್ಜದೆ ಭುಜದ ನಡುವೆ ಬರುವಂತೆ ಇಳಿಸಿ. ಬೆನ್ನಿಗೆ ದಪ್ಪ ದಿಂಬು ಕೊಡಬೇಡಿ, ಅದು ಅವರನ್ನು ಮುಂದಕ್ಕೆ ತಳ್ಳುತ್ತದೆ, ಬೆಲ್ಟನ್ನೂ ಸಡಿಲಗೊಳಿಸುತ್ತದೆ.

ಪ್ರಶ್ನೆ: ಆಫ್ ಮಾಡಿದರೆ ಆ ಸೀಟಿನ ಬೆಲ್ಟ್ ಕೆಲಸ ಮಾಡುತ್ತದೆಯೇ?
– ಹಾಸನದ ಓದುಗರು

ಉತ್ತರ: ಮಾಡುತ್ತದೆ. ಸಾಮಾನ್ಯವಾಗಿ ಕೀಲಿಯ ಸ್ವಿಚ್ ಮುಂದಿನ ಚೀಲವನ್ನು ಮಾತ್ರ ನಿಲ್ಲಿಸುತ್ತದೆ. ಬಾಗಿಲ ಬದಿಯ ಚೀಲದ ವಿಷಯ ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ.

ಪ್ರಶ್ನೆ: ಪಕ್ಕದ ಸೀಟಿನಲ್ಲಿ ಸಂತೆಯ ಚೀಲ ಇಟ್ಟರೆ ಬೀಪ್ ಬೀಪ್ ಎನ್ನುತ್ತದೆ. ಏರ್‌ಬ್ಯಾಗ್ ಆಫ್ ಮಾಡಿದರೆ ನಿಲ್ಲುತ್ತದೆಯೇ?
– ಮಂಡ್ಯದ ಓದುಗರು

ಉತ್ತರ: ಇಲ್ಲ, ಅದು ಬೆಲ್ಟಿನ ಎಚ್ಚರಿಕೆ. ಸೀಟಿನ ಕೆಳಗಿನ ಸೆನ್ಸರ್ ಚೀಲದ ಭಾರವನ್ನು ಮನುಷ್ಯ ಎಂದುಕೊಂಡಿದೆ. ಚೀಲವನ್ನು ಡಿಕ್ಕಿಯಲ್ಲೋ ಸೀಟಿನ ಮುಂದೆ ಕೆಳಗೋ ಇಡಿ. ಬೀಪ್ ನಿಲ್ಲಿಸಲೆಂದು ಬೆಲ್ಟಿಲ್ಲದ ಬರಿಯ ಕೊಂಡಿ ಕೊಂಡು ಬಕಲ್ಲಿಗೆ ಸಿಕ್ಕಿಸಬೇಡಿ. ನಾಳೆ ಅಲ್ಲಿ ಮನುಷ್ಯರು ಬೆಲ್ಟಿಲ್ಲದೆ ಕೂತರೂ ಕಾರಿಗೆ ತಿಳಿಯುವುದಿಲ್ಲ.

ಪ್ರಶ್ನೆ: ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ ಗಣಪತಿ ವಿಗ್ರಹ ಅಂಟಿಸಿದ್ದೇವೆ. ತೊಂದರೆ ಇದೆಯೇ?
– ಕುಂದಾಪುರದ ಓದುಗರು

ಉತ್ತರ: ಇದೆ. ಆ ಜಾಗದ ಕೆಳಗೇ ಏರ್‌ಬ್ಯಾಗ್ ಮುಚ್ಚಳ. ಹೊರಗೆ ಗೆರೆ ಕಾಣದಿದ್ದರೂ ಒಳಗಿನಿಂದ ತೆಳುವಾಗಿ ಕೊರೆದಿಟ್ಟ ಸೀಳು ಅಲ್ಲಿರುತ್ತದೆ. ಚೀಲ ಬಂದಾಗ ಕಲ್ಲಿನದೋ ಲೋಹದ್ದೋ ವಿಗ್ರಹ ಕೂತವರ ಮುಖದ ಕಡೆಗೇ ಹಾರುತ್ತದೆ. ದೇವರನ್ನು ಡ್ಯಾಶ್‌ಬೋರ್ಡಿನ ನಡುವೆ, ಚೀಲದ ದಾರಿಯಲ್ಲಿಲ್ಲದ ಕಡೆ, ಹಗುರವಾದ ಸಣ್ಣ ಚಿತ್ರವಾಗಿ ಇಟ್ಟುಕೊಳ್ಳಿ. ಫೋನ್ ಸ್ಟ್ಯಾಂಡ್, ಸುಗಂಧದ ಬಾಟಲಿ, ಟಿಶ್ಯೂ ಡಬ್ಬಿಗೂ ಇದೇ ನಿಯಮ. ಡ್ಯಾಶ್‌ಬೋರ್ಡಿಗೆ ಹೊಲಿದು ಹಾಕುವ ಕವರು ಚೀಲ ತೆರೆಯುವುದನ್ನೇ ತಡೆಯಬಹುದು. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಚೀಟಿ ಇರುವ ಕಾರಿಗೆ ಆ ಬದಿಯನ್ನು ಪೂರ್ತಿ ಮುಚ್ಚುವ ಸೀಟ್ ಕವರೂ ಬೇಡ.

ಪ್ರಶ್ನೆ: ಮ್ಯೂನಿಕ್‌ನಲ್ಲಿದ್ದೇವೆ. ಕಾರಿನ ಹಿಂದೆ ಜಾಗವಿಲ್ಲ, ಮೂರು ತಿಂಗಳ ಮಗುವಿನ ಸೀಟು ಮುಂದೆ ಇಡುವುದು ಇಲ್ಲಿ ಕಾನೂನಿಗೆ ವಿರುದ್ಧವೇ?
– ಜರ್ಮನಿಯಿಂದ ಒಬ್ಬ ಓದುಗರು

ಉತ್ತರ: ವಿರುದ್ಧವಲ್ಲ, ಏರ್‌ಬ್ಯಾಗ್ ಆಫ್ ಇದ್ದರೆ. ಆನ್ ಇರುವ ಮುಂದಿನ ಏರ್‌ಬ್ಯಾಗ್ ಎದುರು ಹಿಮ್ಮುಖ ಸೀಟು ಇಡುವುದನ್ನು ಯುರೋಪಿಯನ್ ಒಕ್ಕೂಟದ 2003ರ ನಿರ್ದೇಶನವೇ ನಿಷೇಧಿಸಿದೆ. ಜರ್ಮನಿಯಲ್ಲಿ 12 ವರ್ಷ ತುಂಬುವವರೆಗೆ ಅಥವಾ 150 ಸೆಂ.ಮೀ. ಎತ್ತರವಾಗುವವರೆಗೆ ಮಕ್ಕಳ ಸೀಟು ಕಡ್ಡಾಯ. ಐ-ಸೈಜ್ ಎಂಬ ಆರ್129 ಮಾನದಂಡದ ಸೀಟಿನಲ್ಲಿ 15 ತಿಂಗಳವರೆಗೆ ಹಿಮ್ಮುಖವಾಗಿಯೇ ಕೂರಿಸಬೇಕು. ಊರಿಗೆ ಬರುವಾಗ ಆ ಸೀಟನ್ನು ಜತೆಗೇ ತನ್ನಿ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹತ್ತುವ ಟ್ಯಾಕ್ಸಿಯಲ್ಲಿ ಸ್ವಿಚ್ ಇದೆಯೇ ಎಂದು ಹುಡುಕಲು ಹೋಗದೆ ನೇರವಾಗಿ ಹಿಂದಿನ ಸೀಟಿಗೆ ಕಟ್ಟಿ. ಕೆಲವು ಟ್ಯಾಕ್ಸಿಗಳಲ್ಲಿ ಹಿಂದಿನ ಬಕಲ್ ಸೀಟಿನ ಸಂದಿಯಲ್ಲಿ ಹೂತಿರುತ್ತದೆ, ಸಾಮಾನು ತುಂಬುವ ಮುಂಚೆಯೇ ಅದನ್ನು ಹೊರತೆಗೆಸಿ.

ಪ್ರಶ್ನೆ: ಹಳೆಯ ಕಾರು ಕೊಂಡೆ. ಏರ್‌ಬ್ಯಾಗ್ ದೀಪ ಎಂದೂ ಉರಿಯುವುದಿಲ್ಲ. ಹಾಗಾದರೆ ಎಲ್ಲ ಸರಿಯಿದೆ ಅಲ್ಲವೇ?
– ಬೆಂಗಳೂರಿನ ಓದುಗರು

ಉತ್ತರ: ಎಂದೂ ಉರಿಯದಿದ್ದರೆ ಸರಿಯಿಲ್ಲ. ಇಗ್ನಿಷನ್ ಆನ್ ಮಾಡಿದ ಕೂಡಲೇ ಆ ದೀಪ ಕೆಲವು ಸೆಕೆಂಡು ಉರಿದು ತಾನಾಗಿ ಆರಬೇಕು. ಉರಿಯುತ್ತಲೇ ಇದ್ದರೆ ದೋಷ. ಉರಿಯದೇ ಇದ್ದರೆ ದೀಪವನ್ನೇ ಕಿತ್ತಿರುವ ಸಾಧ್ಯತೆ, ಸಾಮಾನ್ಯವಾಗಿ ಒಮ್ಮೆ ತೆರೆದ ಚೀಲವನ್ನು ಬದಲಿಸದೆ ಮುಚ್ಚಿಟ್ಟ ಕಾರುಗಳಲ್ಲಿ. ಇನ್ನೂ ಚಾಲಾಕಿನವರು ಅದರ ತಂತಿಯನ್ನು ಆಯಿಲ್ ದೀಪಕ್ಕೆ ಜೋಡಿಸುತ್ತಾರೆ. ಆಗ ಎಂಜಿನ್ ಸ್ಟಾರ್ಟ್ ಆದ ಕ್ಷಣ ಎರಡೂ ದೀಪ ಒಟ್ಟಿಗೆ ಆರುತ್ತವೆ. ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಕಾದು ನೋಡಿ. ಆಯಿಲ್ ದೀಪ ಉರಿಯುತ್ತಿರುವಾಗಲೇ ಏರ್‌ಬ್ಯಾಗ್ ದೀಪ ಬೇರೆಯಾಗಿ ಆರಬೇಕು. ಅನುಮಾನ ಬಂದರೆ ಕಂಪನಿಯ ಸ್ಕ್ಯಾನರಿನಲ್ಲಿ ಓದಿಸಿ, ಮುಚ್ಚಳದ ಬಣ್ಣ, ಅಂಚು ಸುತ್ತಲಿನ ಡ್ಯಾಶ್‌ಬೋರ್ಡಿಗೆ ಹೊಂದುತ್ತವೆಯೇ ನೋಡಿಸಿ.

ದೀಪ ಆಗೊಮ್ಮೆ ಈಗೊಮ್ಮೆ ಉರಿದರೆ ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಮೇಲೆ ಮೊದಲ ಅನುಮಾನ. ಉರುಳಿದ ನೀರಿನ ಬಾಟಲಿ ತಗುಲಿಯೋ, ವ್ಯಾಕ್ಯೂಮ್ ಹಾಕುವಾಗ ಎಳೆದೋ, ಮಳೆಗಾಲದಲ್ಲಿ ಮ್ಯಾಟಿನ ಕೆಳಗೆ ನೀರು ನಿಂತು ಪಿನ್ನುಗಳಿಗೆ ಕಿಲುಬು ಹಿಡಿದೋ ಅದು ಸಡಿಲಾಗುತ್ತದೆ. ನೀವಾಗಿ ಅದನ್ನು ಅಲ್ಲಾಡಿಸಬೇಡಿ. ಬ್ಯಾಟರಿ ಬಿಚ್ಚಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾದು ಮಾಡುವ ಕೆಲಸ ಅದು.

ಪ್ರಶ್ನೆ: ಹಳೆಯ ಕಾರುಗಳ ಟಕಾಟಾ ಏರ್‌ಬ್ಯಾಗ್ ಸಿಡಿದು ಲೋಹದ ಚೂರು ಹಾರುತ್ತವೆ ಎಂದು ಕೇಳಿದೆ. ನಮ್ಮದೂ ಹತ್ತು ವರ್ಷ ದಾಟಿದ ಕಾರು. ಆಫ್ ಮಾಡಿಡಲೇ?
– ಮಂಗಳೂರಿನ ಓದುಗರು

ಉತ್ತರ: ನಿಮ್ಮ ಆತಂಕಕ್ಕೆ ಆಧಾರವಿದೆ. ಟಕಾಟಾ ಕಂಪನಿ ಚೀಲ ಉಬ್ಬಿಸುವ ಲೋಹದ ಡಬ್ಬಿಯಲ್ಲಿ ಅಮೋನಿಯಂ ನೈಟ್ರೇಟ್ ಬಳಸುತ್ತಿತ್ತು. ತೇವ ಹೀರುವ ಪುಡಿ ಸೇರಿಸದ ಡಬ್ಬಿಗಳಲ್ಲಿ ಆ ರಾಸಾಯನಿಕ ವರ್ಷಗಟ್ಟಲೆ ಬಿಸಿಲು, ತೇವದ ಏರಿಳಿತಕ್ಕೆ ಸಿಕ್ಕು ಕೆಡುತ್ತದೆ. ಕೆಟ್ಟದ್ದು ಹದಮೀರಿ ಉರಿಯುತ್ತದೆ, ಲೋಹದ ಡಬ್ಬಿಯೇ ಒಡೆಯುತ್ತದೆ. ಜಗತ್ತಿನ ವಾಹನ ಚರಿತ್ರೆಯಲ್ಲೇ ಅತಿ ದೊಡ್ಡ ರಿಕಾಲ್ ಅದು. ಭಾರತದಲ್ಲೂ ಹಲವು ಮಾದರಿಗಳನ್ನು ಹಿಂದಕ್ಕೆ ಕರೆಸಿ ಡಬ್ಬಿ ಬದಲಿಸಲಾಗಿದೆ. ಕರಾವಳಿಯಂಥ ಬಿಸಿಲು, ತೇವ ಎರಡೂ ಇರುವ ಕಡೆ ಈ ಕೆಡುವಿಕೆ ಬೇಗ.

ಹಾಗೆಂದು ಊಹೆಯ ಮೇಲೆ ಆಫ್ ಮಾಡಬೇಡಿ. ಹತ್ತು ವರ್ಷದ ಕಾರಿನಲ್ಲೆಲ್ಲ ಟಕಾಟಾ ಡಬ್ಬಿ ಇರುವುದಿಲ್ಲ. ಆರ್‌ಸಿಯಲ್ಲಿರುವ 17 ಅಕ್ಷರ–ಅಂಕಿಗಳ ಚಾಸಿ ನಂಬರನ್ನು ನಿಮ್ಮ ಕಾರು ತಯಾರಕರ ವೆಬ್‌ಸೈಟಿನ ರಿಕಾಲ್ ಪುಟದಲ್ಲಿ ಹಾಕಿ ನೋಡಿ, ಇಲ್ಲವೇ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಪಟ್ಟಿಯಲ್ಲಿದ್ದರೆ ಬದಲಾವಣೆ ಉಚಿತ. ನೀವು ಎರಡನೇ ಮಾಲೀಕರಾಗಿದ್ದರೆ ರಿಕಾಲ್ ಪತ್ರ ಹಳೆಯ ಮಾಲೀಕರ ವಿಳಾಸಕ್ಕೆ ಹೋಗಿರಬಹುದು, ಆದ್ದರಿಂದ ನೀವೇ ವಿಚಾರಿಸಬೇಕು. ಪಕ್ಕದ ಸೀಟಿನ ಡಬ್ಬಿ ಬದಲಾಗಬೇಕಿದೆ ಎಂದು ಗೊತ್ತಾದರೆ ಅದು ಆಗುವವರೆಗೆ ಅಲ್ಲಿ ಯಾರನ್ನೂ ಕೂರಿಸಬೇಡಿ. 2014ರಲ್ಲಿ ಅಮೆರಿಕದಲ್ಲಿ ಬಿಡಿಭಾಗ ಸಾಲದೆ ಬಂದಾಗ ಟೊಯೊಟಾ ಕಂಪನಿ ಮಾಡಿದ್ದೂ ಇದನ್ನೇ: ಪಕ್ಕದ ಏರ್‌ಬ್ಯಾಗ್ ನಿಷ್ಕ್ರಿಯಗೊಳಿಸಿ, ಆ ಸೀಟಿನಲ್ಲಿ ಕೂರಬೇಡಿ ಎಂದು ಹೇಳಿ ಕಳಿಸಿತು. ರಿಕಾಲ್ ಚಾಲಕನ ಬದಿಯದಾಗಿದ್ದರೆ ಅಲ್ಲಿಗೆ ಸ್ವಿಚ್ ಇರುವುದಿಲ್ಲ, ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕಾರು ತರಬಹುದೇ, ಅವರೇ ಒಯ್ಯುತ್ತಾರೆಯೇ ಎಂದು ಕೇಳಿ. ಬದಲಾವಣೆಯಾದ ಮೇಲೆ ಬಿಲ್ಲಿನಲ್ಲಿ ಹೊಸ ಡಬ್ಬಿಯ ನಂಬರ್ ಬರೆಸಿಕೊಂಡು ಕಾರಿನ ಕಾಗದಗಳ ಜತೆ ಇಟ್ಟುಕೊಳ್ಳಿ.